ಆ ಹಾಳೆಯಲ್ಲಿ 8.9.1993 ಇದೆಯಾ?

ಬಂಗಾರಪೇಟೆಯಲ್ಲಿ ಬೆಳಿಗ್ಗೆ ಐದೂವರೆಗೆ ನನ್ನ ಹತ್ತಿರ ಓಟ ಕಲಿಯಲು ಬರುವ ಹುಡುಗರಿಗೆ ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ಕಾನ್‌ಸ್ಟೆಬಲ್ ಆಗುವ ಆಸೆ. ಹುಡುಗರು 1600 ಮೀಟರನ್ನು 5 ನಿಮಿಷ 45 ಸೆಕೆಂಡಿನಲ್ಲಿ, ಹುಡುಗಿಯರು 800 ಮೀಟರನ್ನು 3 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಬೇಕು. ಇದೆಲ್ಲ ಅವರಿಗೆ ಬಾಯಿಪಾಠ. ಎಡವುವುದು ಜಾತಿ ಸರ್ಟಿಫಿಕೇಟಿನಲ್ಲಿ. ಎಷ್ಟು ಸಲ ಹೇಳಿದರೂ ಅದೇ ತಪ್ಪು.

2024ರಲ್ಲಿ 4,208 ಕಾನ್‌ಸ್ಟೆಬಲ್ ಹುದ್ದೆ ಕರೆದಾಗ ನಮ್ಮ ಹುಡುಗನೊಬ್ಬ ಒಬಿಸಿ (ಇತರೆ ಹಿಂದುಳಿದ ವರ್ಗ) ಅಂತ ಅರ್ಜಿ ಹಾಕಿದ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆದ. ಓಟ 5 ನಿಮಿಷ 20 ಸೆಕೆಂಡಿನಲ್ಲೇ ಮುಗಿಸಿದ. ದಾಖಲೆ ಪರಿಶೀಲನೆಯಲ್ಲಿ ರಾಜ್ಯದ 2ಎ ಸರ್ಟಿಫಿಕೇಟ್ ಮುಂದಿಟ್ಟ. ಹಾಳಾಗಬಾರದು ಅಂತ ಅವನಮ್ಮ ಲ್ಯಾಮಿನೇಷನ್ ಮಾಡಿಸಿ ಕೊಟ್ಟಿದ್ದರು. ಅಧಿಕಾರಿ ಎರಡು ಸಲ ತಿರುಗಿಸಿ ನೋಡಿ, "ಸೆಂಟ್ರಲ್‌ದು ಎಲ್ಲಿ?" ಅಂದರಂತೆ. ಇವನ ಹತ್ತಿರ ಇರಲಿಲ್ಲ. ಸಾಮಾನ್ಯ ವರ್ಗಕ್ಕೆ ಹಾಕಿದರು, ಅಲ್ಲಿನ ಕಟ್‌ಆಫ್‌ಗೆ ಅಂಕ ಸಾಲಲಿಲ್ಲ. "ತಹಶೀಲ್ದಾರ್ ಸೈನ್ ಇದೆಯಲ್ಲಣ್ಣ, ಇನ್ನೇನು ಬೇಕಿತ್ತು?" ಅಂತ ಆ ತಾಯಿ ನನ್ನನ್ನು ಕೇಳಿದರು. ಸೈನ್ ಸರಿಯಾಗೇ ಇತ್ತು. ನಮೂನೆ ಬೇರೆ.

ಕೆಟಗರಿ 1, 2ಎ, 2ಬಿ, 3ಎ, 3ಬಿ ಇವೆಲ್ಲ ನಮ್ಮ ರಾಜ್ಯ ಮಾಡಿಕೊಂಡ ವಿಂಗಡಣೆ. ರಾಜ್ಯ ಪೊಲೀಸ್ ನೇಮಕಾತಿಗೆ ಅದು ನಡೆಯುತ್ತದೆ. ಆರ್‌ಪಿಎಫ್ ಕೇಂದ್ರದ ರೈಲ್ವೆ ಸಚಿವಾಲಯದ ಪಡೆ. ಅಲ್ಲಿ 2ಎ, 3ಎ ಅನ್ನುವುದೇ ಇಲ್ಲ. ಎಲ್ಲ ಒಂದೇ ಒಬಿಸಿ, ಅದಕ್ಕೆ ಶೇ. 27 ಮೀಸಲಾತಿ. ಜೊತೆಗೆ ಕೆನೆಪದರಕ್ಕೆ, ಅಂದರೆ ಹಿಂದುಳಿದ ವರ್ಗದಲ್ಲೇ ಮೀಸಲಾತಿ ಸಿಗದ ಸ್ಥಿತಿವಂತರ ಗುಂಪಿಗೆ, ಸೇರಿಲ್ಲ ಅಂತ ಬರೆದಿರಬೇಕು. ಕೇಂದ್ರದ ನಮೂನೆಯಲ್ಲಿ 8.9.1993 ಅನ್ನುವ ತಾರೀಖು ಬರುತ್ತದೆ, ಕೆನೆಪದರದ ಆದೇಶ ಹೊರಟ ದಿನ ಅದು. ನಿಮ್ಮ ಹಾಳೆಯಲ್ಲಿ ಮೊದಲು ಅದನ್ನು ಹುಡುಕಿ.

"ನಮ್ಮಪ್ಪನಿಗೆ ರೇಷ್ಮೆ, ಟೊಮ್ಯಾಟೊ ದುಡ್ಡು ಬರುತ್ತೆ, ನಮಗೆ ಕೊಡಲ್ವಂತೆ" ಅಂತ ಸುಮ್ನೆ ಕೂರುವವರೂ ಇದ್ದಾರೆ. ಕೆನೆಪದರಕ್ಕೆ ವರ್ಷದ ಆದಾಯ 8 ಲಕ್ಷ ಅಂತ ಒಂದು ಮಿತಿ ಇದೆ. ಆ ಮಿತಿಗೆ ಅಪ್ಪ ಅಮ್ಮನ ಸಂಬಳವಾಗಲಿ ಬೇಸಾಯದ ಆದಾಯವಾಗಲಿ ಸೇರುವುದಿಲ್ಲ. ಆದರೆ ಅವರು ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದರೆ, ನೀರಾವರಿ ಜಮೀನು ತುಂಬ ಜಾಸ್ತಿ ಇದ್ದರೆ, ಅದಕ್ಕೆ ಬೇರೆ ನಿಯಮ. ಒಬ್ಬೊಬ್ಬರ ಮನೆ ಲೆಕ್ಕ ಒಂದೊಂದು ಥರ. ಹಾಗಾಗಿ ಕಾಗದ ನೋಡದೆ ನಾನು ಯಾರಿಗೂ ಖಚಿತವಾಗಿ ಹೇಳುವುದಿಲ್ಲ.

ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಯೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ವೆಬ್‌ಸೈಟಿನಲ್ಲಿ ಕರ್ನಾಟಕದ ಪಟ್ಟಿ ತೆಗೆದು ನಿಮ್ಮ ಜಾತಿಯ ಹೆಸರು ನೋಡಿ. ಇಲ್ಲದಿದ್ದರೆ ಎದೆಗುಂದಬೇಡಿ, ಇಡಬ್ಲ್ಯುಎಸ್‌ಗೆ (ಆರ್ಥಿಕವಾಗಿ ದುರ್ಬಲರಾದವರ ಮೀಸಲಾತಿ) ಅರ್ಹರಾಗಬಹುದು. ಅಲ್ಲಿ ಮಾತ್ರ ಬೇಸಾಯದ ಆದಾಯವೂ ಲೆಕ್ಕಕ್ಕೆ ಬರುತ್ತದೆ, ಮನೆಯವರದೆಲ್ಲ ಸೇರಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು.

ಅಧಿಸೂಚನೆಯ ಕೊನೆಯ ಪುಟಗಳಲ್ಲಿ ನಮೂನೆ ಕೊಟ್ಟಿರುತ್ತಾರೆ. ಅದನ್ನು ಪ್ರಿಂಟ್ ತೆಗೆದು ನಾಡಕಚೇರಿಗೆ ಒಯ್ಯಿರಿ. ಬರೀ "ಒಬಿಸಿ ಕೊಡಿ ಸಾರ್" ಅಂದರೆ ರಾಜ್ಯದ್ದೇ ಕೈಗೆ ಬರಬಹುದು. ಯಾವ ದಿನಾಂಕದೊಳಗೆ ಪಡೆದಿರಬೇಕು ಅನ್ನುವುದನ್ನೂ ಅಧಿಸೂಚನೆಯಲ್ಲೇ ಓದಿಕೊಳ್ಳಿ.

ಆ ಹುಡುಗ ಈಗ ಕೇಂದ್ರದ ಸರ್ಟಿಫಿಕೇಟ್ ಮಾಡಿಸಿದ್ದಾನೆ. ಬೆಳಿಗ್ಗೆ ಮತ್ತೆ ಓಡಲು ಬರುತ್ತಿದ್ದಾನೆ.