ಜಿಲಿಯೊ ತೀರದ ಹಡಗು ಮತ್ತು ಒಬ್ಬನ ಮೇಲೆ ತಿರುಗಿದ ಸಿಟ್ಟು

2012ರ ಜನವರಿ 17ರಂದು ಇಟಲಿಯ ‘ಕೊರಿಯೆರೆ ಡೆಲ್ಲಾ ಸೆರಾ’ ಪತ್ರಿಕೆ ಒಂದು ದೂರವಾಣಿ ಸಂಭಾಷಣೆಯ ಧ್ವನಿಮುದ್ರಣವನ್ನು ಹೊರಗೆಡವಿತು. ಒಂದು ತುದಿಯಲ್ಲಿ ಲಿವೊರ್ನೊ ಬಂದರಿನ ಕರಾವಳಿ ರಕ್ಷಣಾ ಅಧಿಕಾರಿ ಗ್ರೆಗೋರಿಯೊ ದೆ ಫಾಲ್ಕೊ. ಇನ್ನೊಂದು ತುದಿಯಲ್ಲಿ, ಜಿಲಿಯೊ ದ್ವೀಪದ ಬಳಿ ಬಂಡೆಗೆ ತಾಗಿ ವಾಲಿದ್ದ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗಿನಿಂದ, ಪ್ರಯಾಣಿಕರು ಇನ್ನೂ ಅದರಲ್ಲಿ ಸಿಕ್ಕಿಕೊಂಡಿರುವಾಗಲೇ ಹೊರಬಂದಿದ್ದ ಕಪ್ತಾನ ಫ್ರಾಂಚೆಸ್ಕೊ ಸ್ಕೆಟ್ಟಿನೊ. ಹಡಗಿಗೆ ವಾಪಸ್ ಹತ್ತಿ, ಎಷ್ಟು ಜನರಿದ್ದಾರೆ, ಮಕ್ಕಳೆಷ್ಟು, ಹೆಂಗಸರೆಷ್ಟು ಎಂದು ನೋಡಿ ಹೇಳಿ ಎಂದು ದೆ ಫಾಲ್ಕೊ ಆಜ್ಞಾಪಿಸುತ್ತಾರೆ. ಕತ್ತಲಾಗಿದೆ ಎಂದು ಕಪ್ತಾನ ತಡವರಿಸುತ್ತಾನೆ. ಕತ್ತಲಾಯಿತೆಂದು ಮನೆಗೆ ಹೋಗಬೇಕೆಂದಿದ್ದೀರಾ ಎಂದು ಅಧಿಕಾರಿ ಗದರುತ್ತಾರೆ. ಬೈಗುಳವೊಂದನ್ನು ಸೇರಿಸಿ ‘ಹಡಗು ಹತ್ತಿ’ ಎನ್ನುತ್ತಾರೆ. ಆ ಮಾತು ಕೆಲವೇ ಗಂಟೆಗಳಲ್ಲಿ ಟೀ ಶರ್ಟುಗಳ ಮೇಲೆ ಅಚ್ಚಾಯಿತು, ಮೊಬೈಲಿನ ರಿಂಗ್‌ಟೋನ್ ಆಯಿತು, ದೇಶದ ಘೋಷಣೆಯಂತಾಯಿತು.

ಮೂವತ್ತೆರಡು ಜನ ಸತ್ತ ದುರಂತವನ್ನು ಜಗತ್ತು ಇಂದಿಗೂ ನೆನೆಯುವುದು ಬಹುಮಟ್ಟಿಗೆ ಆ ಸಂಭಾಷಣೆಯ ಮೂಲಕವೇ. ಹಾಗೆ ನೆನೆಯುವುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಸಿಟ್ಟು ಒಬ್ಬನ ಮೇಲೆ ನಿಂತುಬಿಟ್ಟದ್ದರಿಂದ ಕೇಳಲೇಬೇಕಾಗಿದ್ದ ಹಲವು ಪ್ರಶ್ನೆಗಳು ಹಿಂದೆ ಸರಿದವು ಎಂಬುದು ನನ್ನ ದೃಢವಾದ ನಂಬಿಕೆ.

ಕೋಸ್ಟಾ ಕಾಂಕಾರ್ಡಿಯಾ 290 ಮೀಟರ್ ಉದ್ದದ, 1,14,000 ಟನ್ನಿಗೂ ಮೀರಿದ ವಿಹಾರ ನೌಕೆ. 2012ರ ಜನವರಿ 13ರ ಶುಕ್ರವಾರ ಸಂಜೆ ರೋಮ್ ಸಮೀಪದ ಚಿವಿತಾವೆಕ್ಕಿಯಾ ಬಂದರಿನಿಂದ ಉತ್ತರದ ಸವೋನಾಕ್ಕೆ ಹೊರಟಾಗ ಅದರಲ್ಲಿ 4,229 ಜನರಿದ್ದರು. ದಾರಿಯಲ್ಲಿ ಟಸ್ಕನಿಯ ಜಿಲಿಯೊ ದ್ವೀಪದ ಮಗ್ಗುಲಿಗೆ ಹಡಗನ್ನು ತಿರುಗಿಸಲಾಯಿತು. ರಾತ್ರಿ 9.45ರ ಸುಮಾರಿಗೆ ‘ಲೆ ಸ್ಕೋಲೆ’ ಎಂಬ ಬಂಡೆಗಳು ಹಡಗಿನ ಎಡಮಗ್ಗುಲನ್ನು ಐವತ್ತು ಮೀಟರಿಗೂ ಹೆಚ್ಚು ಉದ್ದಕ್ಕೆ ಸೀಳಿದವು. ಇಂಜಿನ್ ಕೋಣೆಗಳಿಗೆ ನೀರು ನುಗ್ಗಿತು, ವಿದ್ಯುತ್ ಹೋಯಿತು. ಚುಕ್ಕಾಣಿಯ ಹಿಡಿತ ತಪ್ಪಿದ ನೌಕೆಯನ್ನು ಗಾಳಿ ಮತ್ತೆ ದಡದ ಕಡೆಗೇ ತಳ್ಳಿ ತಂದಿತು. ಆ ಗಾಳಿ ಇಲ್ಲದಿದ್ದರೆ ಸತ್ತವರ ಸಂಖ್ಯೆ ಎಷ್ಟಾಗುತ್ತಿತ್ತೋ ಊಹಿಸಲೂ ಭಯವಾಗುತ್ತದೆ.

ದಡಕ್ಕೆ ಅಷ್ಟು ಹತ್ತಿರ ಹೋದದ್ದೇಕೆ? ಇಟಲಿಯ ನಾವಿಕರಲ್ಲಿ ‘ಇಂಕಿನೊ’ ಎಂಬ ರೂಢಿಯಿದೆ. ತೀರದ ಊರಿನ ಸನಿಹದಲ್ಲಿ ಹಾದು, ಸೈರನ್ ಕೂಗಿಸಿ ವಂದಿಸಿ ಮುಂದೆ ಹೋಗುವುದು. ನಮ್ಮ ಹಳ್ಳಿ ಬಸ್ಸಿನ ಚಾಲಕ ತನ್ನ ಮನೆಯ ಮುಂದೆ ಹಾರ್ನ್ ಬಾರಿಸಿ ಹೋಗುತ್ತಾನಲ್ಲ, ಹಾಗೆ. ಆ ರಾತ್ರಿ ಹಡಗಿನ ಊಟದ ವಿಭಾಗದ ಮುಖ್ಯಸ್ಥ ಜಿಲಿಯೊ ದ್ವೀಪದವನೇ ಆಗಿದ್ದ. ಇದೇ ಹಡಗು 2011ರ ಆಗಸ್ಟ್‌ನಲ್ಲಿಯೂ ದ್ವೀಪದ ಹತ್ತಿರ ಹಾದುಹೋಗಿತ್ತು. ಅದಕ್ಕೆ ಕಂಪನಿಯ ಒಪ್ಪಿಗೆಯಿತ್ತು. ದ್ವೀಪದ ಮೇಯರ್ ಆಗ ಮೆಚ್ಚುಗೆಯ ಪತ್ರವನ್ನೇ ಬರೆದಿದ್ದರು. ಬೆಳಗುವ ದೀಪಗಳ ಹಡಗು ಕಿಟಕಿಯಾಚೆ ಸಾಗುವುದು ದ್ವೀಪದವರಿಗೆ ಸಂಭ್ರಮ, ಪ್ರಯಾಣಿಕರಿಗೆ ಮನರಂಜನೆ, ಕಂಪನಿಗೆ ಖರ್ಚಿಲ್ಲದ ಜಾಹೀರಾತು. ದುರಂತದ ಮರುದಿನ ಮಾತ್ರ ಅದು ಒಬ್ಬ ಕಪ್ತಾನನ ಹುಚ್ಚಾಟವೆಂದು ಎಲ್ಲರಿಗೂ ತೋರಿತು.

ಮೊದಲ ಪ್ರತಿಕ್ರಿಯೆ ಬಂದದ್ದು ಆ ದ್ವೀಪದಿಂದಲೇ, ಮಾತಿನಲ್ಲಿ ಅಲ್ಲ, ಕೆಲಸದಲ್ಲಿ. ಚಳಿಗಾಲದಲ್ಲಿ ಸಾವಿರ ಜನರೂ ಉಳಿಯದ ಆ ಊರಿಗೆ ನಡುರಾತ್ರಿ ಸಾವಿರಾರು ಜನ ನೆನೆದು ನಡುಗುತ್ತ ಬಂದಿಳಿದರು. ಶಾಲೆ ತೆರೆಯಿತು, ಬಂದರಿನ ಬಳಿಯ ಚರ್ಚು ತೆರೆಯಿತು. ಕಂಬಳಿ ಸಾಲದೆ ಹೋದಾಗ ಚರ್ಚಿನ ಬಟ್ಟೆಗಳನ್ನೇ ಹೊದಿಸಿದರು. ಉಪಮೇಯರ್ ಮಾರಿಯೊ ಪೆಲ್ಲೆಗ್ರಿನಿ ತಾವೇ ವಾಲಿದ ಹಡಗನ್ನು ಹತ್ತಿ ಜನರನ್ನು ಇಳಿಸುವುದರಲ್ಲಿ ತೊಡಗಿದರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವ ಭಾಗ ಇದೇ. ಇವರ ಧ್ವನಿಮುದ್ರಣ ಮಾತ್ರ ಯಾರ ಟೀ ಶರ್ಟಿಗೂ ಏರಲಿಲ್ಲ.

ಪಾರಾದವರ ಸಿಟ್ಟಿನ ಗುರಿ ಬೇರೆಯಾಗಿತ್ತು. ವಿದ್ಯುತ್ ತೊಂದರೆ ಅಷ್ಟೇ, ಎಲ್ಲ ಹತೋಟಿಯಲ್ಲಿದೆ, ನಿಮ್ಮ ಕೋಣೆಗಳಿಗೆ ಹೋಗಿ ಎಂದು ಸಿಬ್ಬಂದಿ ಹೇಳುತ್ತಿದ್ದುದನ್ನು ಪ್ರಯಾಣಿಕರು ವಿಡಿಯೊ ಮಾಡಿಕೊಂಡಿದ್ದರು. ಹಡಗಿನಲ್ಲಿ ಏನೋ ಆಗಿದೆಯೆಂಬ ಸುದ್ದಿ ಬಂದರಿಗೆ ಮೊದಲು ತಲುಪಿದ್ದು ಹಡಗಿನಿಂದಲ್ಲ. ಪ್ರಯಾಣಿಕರ ಕರೆ ಬಂದ ಬಂಧುಗಳು ಪೊಲೀಸರಿಗೆ ತಿಳಿಸಿದ ಮೇಲೆ, ಪೊಲೀಸರು ಲಿವೊರ್ನೊಗೆ ತಿಳಿಸಿದರು. ಅಧಿಕಾರಿಗಳು ವಿಚಾರಿಸಿದಾಗಲೂ ಹಡಗಿನಿಂದ ಬಂದ ಉತ್ತರ ‘ವಿದ್ಯುತ್ ಹೋಗಿದೆ’ ಎಂಬುದಷ್ಟೇ. ಹಡಗು ತೊರೆಯುವ ಆದೇಶ ಬಂದದ್ದು 10.54ಕ್ಕೆ, ಬಂಡೆಗೆ ತಾಗಿದ ಒಂದು ಗಂಟೆಯ ಮೇಲೆ. ಅಷ್ಟರಲ್ಲಿ ಹಡಗು ವಾಲತೊಡಗಿತ್ತು. ಹಲವು ರಕ್ಷಣಾ ದೋಣಿಗಳನ್ನು ಕೆಳಗಿಳಿಸುವುದೇ ಕಷ್ಟವಾಯಿತು. ಆ ಸಂಜೆ ಚಿವಿತಾವೆಕ್ಕಿಯಾದಲ್ಲಿ ಹತ್ತಿದ್ದ 696 ಜನರಿಗೆ ಅಪಾಯದಲ್ಲಿ ಎಲ್ಲಿ ಸೇರಬೇಕೆಂಬ ತಾಲೀಮೂ ಆಗಿರಲಿಲ್ಲ. ಅದು ನಿಯಮದ ಉಲ್ಲಂಘನೆಯೂ ಅಲ್ಲ. ಹತ್ತಿದ 24 ಗಂಟೆಯೊಳಗೆ ತಾಲೀಮು ಮಾಡಿಸಿದರೆ ಸಾಕು ಎಂದೇ ಅಂದಿನ ಅಂತರರಾಷ್ಟ್ರೀಯ ನಿಯಮವಿತ್ತು.

ಇಟಲಿಯ ಒಳಗಡೆ ಚರ್ಚೆ ಬೇಗನೆ ಹಡಗನ್ನು ಬಿಟ್ಟು ದೇಶದ ಮೇಲೆ ಹೊರಳಿತು. ಪ್ರಧಾನಿ ಬೆರ್ಲುಸ್ಕೋನಿ ಅಧಿಕಾರದಿಂದ ಇಳಿದು ಎರಡು ತಿಂಗಳಾಗಿತ್ತಷ್ಟೆ. ಸಾಲದ ಬಿಕ್ಕಟ್ಟಿನಲ್ಲಿ ಸಿಕ್ಕಿದ್ದ ದೇಶವನ್ನು ಮಾರಿಯೊ ಮೊಂಟಿ ನಡೆಸುತ್ತಿದ್ದರು. ಅಂಕಣಕಾರರಿಗೆ ಸ್ಕೆಟ್ಟಿನೊ ಹೊಣೆಗೇಡಿ ಇಟಲಿಯಾಗಿ ಕಂಡ, ದೆ ಫಾಲ್ಕೊ ಕರ್ತವ್ಯನಿಷ್ಠ ಇಟಲಿಯಾಗಿ ಕಂಡರು. ಕೆಲಸವನ್ನಷ್ಟೇ ಮಾಡಿದವನು ವೀರನಾಗುವುದು ಆತಂಕದ ಸಂಗತಿ ಎಂಬರ್ಥದ ಮಾತನ್ನು ದೆ ಫಾಲ್ಕೊ ಅವರ ಪತ್ನಿಯೇ ಆಡಿದರು. ಆ ದಿನಗಳಲ್ಲಿ ಬಂದ ಮಾತುಗಳಲ್ಲಿ ಅತ್ಯಂತ ವಿವೇಕದ್ದು ಅದು.

ಗಡಿಯಾಚೆ ಇನ್ನೂ ಕೆಟ್ಟ ತಿರುವು ಕಾದಿತ್ತು. ಕಪ್ತಾನ ಇಟಲಿಯವನೆಂದರೆ ಅಚ್ಚರಿಯೇನು ಎಂಬ ಧಾಟಿಯಲ್ಲಿ ಜರ್ಮನಿಯ ‘ಡೆರ್ ಶ್ಪೀಗೆಲ್’ನ ಅಂಕಣಕಾರರೊಬ್ಬರು ಬರೆದರು. ಅದಕ್ಕೆ ಮಿಲಾನಿನ ‘ಇಲ್ ಜೋರ್ನಾಲೆ’ ಪತ್ರಿಕೆ ಜನವರಿ 27ರಂದು, ಯಹೂದಿ ನರಮೇಧದ ಸ್ಮರಣೆಯ ದಿನವೇ, ನಮಗೆ ಸ್ಕೆಟ್ಟಿನೊ ಇದ್ದರೆ ನಿಮಗೆ ಆಶ್ವಿಟ್ಸ್ (ನಾಜಿಗಳ ಹತ್ಯಾ ಶಿಬಿರ) ಇದೆ ಎಂದು ಮುಖಪುಟದಲ್ಲಿ ಬರೆಯಿತು. ಮುಳುಗುಗಾರರು ಇನ್ನೂ ಶವಗಳನ್ನು ಹುಡುಕುತ್ತಿದ್ದ ದಿನಗಳವು. ಸತ್ತವರಲ್ಲಿ ಇಟಲಿಯವರಿದ್ದರು, ಜರ್ಮನಿಯವರೂ ಇದ್ದರು.

ಗ್ರೊಸ್ಸೆಟೊ ನಗರದಲ್ಲಿ ವಿಚಾರಣೆ ನಡೆದದ್ದು ನ್ಯಾಯಾಲಯದ ಕಟ್ಟಡದಲ್ಲಲ್ಲ, ನಾಟಕಮಂದಿರದಲ್ಲಿ. ಬರುವವರ ಸಂಖ್ಯೆ ಅಷ್ಟಿತ್ತು. ಆದರೆ ವೇದಿಕೆಯ ಮೇಲೆ ಆರೋಪಿಯಾಗಿ ಉಳಿದದ್ದು ಒಬ್ಬನೇ. ಕಂಪನಿಯ ತುರ್ತು ವಿಭಾಗದ ಮುಖ್ಯಸ್ಥನೂ ಸೇರಿ ಐವರು ಮೊದಲೇ ತಪ್ಪೊಪ್ಪಿಗೆಯ ಒಪ್ಪಂದ ಮಾಡಿಕೊಂಡು ಕಡಿಮೆ ಶಿಕ್ಷೆ ಪಡೆದರು. ಹೆಚ್ಚೆಂದರೆ ಎರಡು ವರ್ಷ ಹತ್ತು ತಿಂಗಳು. ಕಂಪನಿ ಹತ್ತು ಲಕ್ಷ ಯೂರೊ ದಂಡ ಕಟ್ಟಿ ಕ್ರಿಮಿನಲ್ ಮೊಕದ್ದಮೆಯಿಂದ ಹೊರಗುಳಿಯಿತು. ತುರ್ತು ಜನರೇಟರ್ ಏಕೆ ಕೈಕೊಟ್ಟಿತು, ದಡದ ಕಚೇರಿಗೂ ಹಡಗಿಗೂ ನಡುವೆ ಆ ಒಂದು ಗಂಟೆ ನಡೆದ ಕರೆಗಳಲ್ಲಿ ಏನು ತೀರ್ಮಾನವಾಗುತ್ತಿತ್ತು, ದಡದ ಹತ್ತಿರ ಹೋಗುವ ರೂಢಿಯನ್ನು ಪೋಷಿಸಿದವರು ಯಾರು ಎಂಬ ಪ್ರಶ್ನೆಗಳು ಕಪ್ತಾನನ ವಕೀಲರ ಬಾಯಲ್ಲಿ ಬಂದುದರಿಂದಲೇ ನೆಪಗಳಂತೆ ಕೇಳಿಸಿದವು. 2015ರ ಫೆಬ್ರುವರಿ 11ರಂದು ಸ್ಕೆಟ್ಟಿನೊಗೆ 16 ವರ್ಷಗಳ ಸೆರೆವಾಸ ವಿಧಿಸಲಾಯಿತು. ಹಡಗನ್ನು ತೊರೆದ ಅಪರಾಧದ ಪಾಲು ಅದರಲ್ಲಿ ಒಂದೇ ವರ್ಷ. 2017ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿದ ಮೇಲೆ ಆತ ರೋಮಿನ ರೆಬಿಬ್ಬಿಯಾ ಜೈಲಿಗೆ ಹೋದ. ಆ ಶಿಕ್ಷೆ ನ್ಯಾಯವಾದದ್ದೇ. ಅದೊಂದರಿಂದಲೇ ನ್ಯಾಯ ಪೂರ್ಣವಾಯಿತೆಂದು ನಾನು ಒಪ್ಪಲಾರೆ.

ಒಪ್ಪದಿರಲು ದಕ್ಷಿಣ ಕೊರಿಯಾ ಒಂದು ಕಾರಣ. 2014ರ ಏಪ್ರಿಲ್ 16ರಂದು ಸೆವೋಲ್ ಎಂಬ ಪ್ರಯಾಣಿಕರ ಹಡಗು ಮುಳುಗಿ 304 ಜನ, ಬಹುಪಾಲು ಶಾಲಾ ಮಕ್ಕಳು, ಸತ್ತರು. ಅಲ್ಲಿಯೂ ಕಪ್ತಾನ ಮೊದಲು ಪಾರಾದ. ಅಲ್ಲಿಯೂ ಇದ್ದಲ್ಲೇ ಇರಿ ಎಂಬ ಘೋಷಣೆ ಮೊಳಗಿತ್ತು. ಕಪ್ತಾನನಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ತಂದೆತಾಯಂದಿರು ಅಷ್ಟಕ್ಕೆ ನಿಲ್ಲಲಿಲ್ಲ. ಸೋಲ್ ನಗರದ ಗ್ವಾಂಗ್‌ಹ್ವಾಮುನ್ ಚೌಕದಲ್ಲಿ ಡೇರೆ ಹಾಕಿ ಕುಳಿತರು, ಉಪವಾಸ ಮಾಡಿದರು, ವಿಶೇಷ ತನಿಖೆಗೆ ಕಾನೂನು ತರುವಂತೆ ಮಾಡಿದರು. ಮಿತಿ ಮೀರಿದ ಸರಕು, ಕಂಪನಿಯ ಲೋಭ, ಕರಾವಳಿ ಪಡೆಯ ನಿಷ್ಕ್ರಿಯತೆ ಎಲ್ಲವೂ ಬೀದಿಯ ಮಾತಾದವು.

ಇಟಲಿಯಲ್ಲಿ ಏನೂ ಬದಲಾಗಲಿಲ್ಲ ಎನ್ನುವುದು ತಪ್ಪು. ವಿಹಾರ ನೌಕೆಗಳ ಕಂಪನಿಗಳು ಕೆಲವೇ ವಾರಗಳಲ್ಲಿ ಹಡಗು ಹೊರಡುವ ಮೊದಲೇ ತಾಲೀಮು ನಡೆಸಲು ಒಪ್ಪಿದವು. 2015ರ ಜನವರಿ 1ರಿಂದ ಅದು ಅಂತರರಾಷ್ಟ್ರೀಯ ನಿಯಮವೇ ಆಯಿತು. 2012ರ ಮಾರ್ಚ್ 2ರ ಸರ್ಕಾರಿ ಆದೇಶ ರಕ್ಷಿತ ತೀರಗಳಿಂದ ದೊಡ್ಡ ಹಡಗುಗಳನ್ನು ಎರಡು ಮೈಲಿ ದೂರವಿಟ್ಟಿತು. ನಲವತ್ತು ಸಾವಿರ ಟನ್ ಮೀರಿದ ಹಡಗುಗಳು ವೆನಿಸ್‌ನ ಜುದೆಕ್ಕಾ ಕಾಲುವೆಗೆ ಬರಬಾರದೆಂದೂ ಅದೇ ಆದೇಶ ಹೇಳಿತ್ತು. ಆದರೆ ಪರ್ಯಾಯ ದಾರಿ ಸಿಗುವವರೆಗೆ ಅದು ಜಾರಿಯಾಗದು ಎಂಬ ಷರತ್ತೂ ಇತ್ತು. ಪರ್ಯಾಯ ವರ್ಷಗಟ್ಟಲೆ ಸಿಗಲಿಲ್ಲ.

ವೆನಿಸ್‌ನ ಜನ ಬಿಡಲಿಲ್ಲ. ‘ದೊಡ್ಡ ಹಡಗು ಬೇಡ’ ಎನ್ನುವ ಅವರ ಚಳವಳಿ ಜಿಲಿಯೊಗಿಂತ ಹಳೆಯದು; ದುರಂತ ಅದಕ್ಕೆ ಬಲ ಕೊಟ್ಟಿತು. 2017ರಲ್ಲಿ ಅವರೇ ನಡೆಸಿದ ಅನಧಿಕೃತ ಮತದಾನದಲ್ಲಿ ಸುಮಾರು 18 ಸಾವಿರ ಜನ ಭಾಗವಹಿಸಿ, ಬಹುತೇಕ ಎಲ್ಲರೂ ಇಂಥ ಹಡಗುಗಳು ಹಿನ್ನೀರಿನಿಂದಲೇ ಹೊರಗಿರಲಿ ಎಂದರು. 2019ರ ಜೂನ್ 2ರಂದು ಎಂಎಸ್‌ಸಿ ಒಪೆರಾ ಎಂಬ ವಿಹಾರ ನೌಕೆ ಹತೋಟಿ ತಪ್ಪಿ ದಕ್ಕೆಗೂ ಪ್ರವಾಸಿ ದೋಣಿಗೂ ಗುದ್ದಿತು.

ಈ ನಡುವೆ ಕಾಂಕಾರ್ಡಿಯಾ ಎರಡೂವರೆ ವರ್ಷ ಜಿಲಿಯೊ ತೀರದಲ್ಲೇ ಇತ್ತು. ಅದನ್ನು ನೋಡಲೆಂದೇ ಪ್ರವಾಸಿಗರು ಬಂದರು. 2013ರ ಸೆಪ್ಟೆಂಬರ್‌ನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿದರು. 2014ರ ಜುಲೈನಲ್ಲಿ ತೇಲಿಸಿ ಜಿನೋವಾಕ್ಕೆ ಎಳೆದೊಯ್ದರು. ಕೊನೆಯ ಶವ ಸಿಕ್ಕಿದ್ದು ಆ ನವೆಂಬರ್‌ನಲ್ಲಿ, ಅಲ್ಲಿ ಹಡಗನ್ನು ಒಡೆಯುವಾಗ: ಮುಂಬೈನಿಂದ ಊಟ ಬಡಿಸುವ ಕೆಲಸಕ್ಕೆ ಹೋಗಿದ್ದ ಭಾರತೀಯನದು. ಹಡಗಿನ ಸಿಬ್ಬಂದಿಯಲ್ಲಿ ಇನ್ನೂರರಷ್ಟು ಭಾರತೀಯರಿದ್ದರು. ಕಪ್ತಾನನ ಹೇಡಿತನದ ಸುದ್ದಿ ಓಡಿದ ವೇಗದಲ್ಲಿ, ದೋಣಿಗಳನ್ನು ಇಳಿಸಲು ಹೆಣಗಿದ ಈ ಅಡುಗೆಯವರ, ಬಡಿಸುವವರ ಸುದ್ದಿ ಓಡಲಿಲ್ಲ.

2021ರ ಆಗಸ್ಟ್ 1ರಿಂದ 25 ಸಾವಿರ ಟನ್ ಮೀರಿದ ಹಡಗುಗಳಿಗೆ ಜುದೆಕ್ಕಾ ಕಾಲುವೆ ನಿಷಿದ್ಧವಾಯಿತು. ಅವುಗಳಿಗೆ ತಾತ್ಕಾಲಿಕವಾಗಿ ಸೂಚಿಸಿದ್ದು ಮಾರ್ಗೇರಾ ಎಂಬ ಕೈಗಾರಿಕಾ ಬಂದರು. ಅದು ಕೂಡ ವೆನಿಸ್‌ನ ಹಿನ್ನೀರಿನ ಒಳಗೇ ಇದೆ.