ಸೂರ್ಯನಿಲ್ಲದ ಮೂರು ದಿನಗಳು

ನಾನು ಬೈಬಲ್ ಪಾಠ ಮಾಡುವವನು. ಅದರ ಮೊದಲ ಪುಸ್ತಕವಾದ ಆದಿಕಾಂಡ ತೆರೆದಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಈಚೆಗೆ ಪಿಯುಸಿಯಲ್ಲಿ ವಿಜ್ಞಾನ ಓದುವ ಹುಡುಗನೊಬ್ಬ ಕೇಳಿದ: "ಸರ್, ಭೂಮಿಗೆ ಸುಮಾರು 454 ಕೋಟಿ ವರ್ಷ ಅಂತ ಕಾಲೇಜಲ್ಲಿ ಹೇಳ್ತಾರೆ. ಇಲ್ಲಿ ದೇವರು ಆರೇ ದಿನದಲ್ಲಿ ಎಲ್ಲ ಸೃಷ್ಟಿಸಿದ ಅಂತಿದೆ. ಯಾವುದು ಸುಳ್ಳು?"

ಮೊದಲ ಅಧ್ಯಾಯ ಜೋರಾಗಿ ಓದಪ್ಪ ಅಂದೆ. ಓದುತ್ತಾ ಹೋದವನು ನಾಲ್ಕನೆಯ ದಿನಕ್ಕೆ ಬಂದು ತಡೆದ. ಸೂರ್ಯ ಉಂಟಾಗಿದ್ದೇ ಅವತ್ತು. ಹಾಗಾದರೆ ಅದಕ್ಕೂ ಮುಂಚಿನ ಮೂರು ದಿನ ಸಂಜೆಯೂ ಬೆಳಗೂ ಆಗಿದ್ದು ಹೇಗೆ?

ಇದು ಡಾರ್ವಿನ್ ಬಂದ ಮೇಲೆ ಹುಟ್ಟಿದ ತಕರಾರಲ್ಲ. 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ ಆರಿಜನ್ ಇದನ್ನೇ ಕೇಳಿದ್ದರು. 5ನೇ ಶತಮಾನದ ಆರಂಭದಲ್ಲಿ ಕ್ರೈಸ್ತ ಧರ್ಮಗುರು ಅಗಸ್ಟೀನ್, ದೇವರು ಎಲ್ಲವನ್ನೂ ಒಂದೇ ಸಲಕ್ಕೆ ಸೃಷ್ಟಿಸಿದರು ಎಂದು ಬರೆದರು. ಆರು ದಿನಗಳ ಲೆಕ್ಕ ನಮ್ಮ ತಿಳಿವಳಿಕೆಗೆ ಇಟ್ಟ ಕ್ರಮ ಎಂಬುದು ಅವರ ಅಭಿಪ್ರಾಯ. ಇವರಿಗೆ ನಂಬಿಕೆ ಕಡಿಮೆಯಿತ್ತು ಅನ್ನಲಾಗದು, ಅಲ್ವಾ?

ಹಾಗಂತ ಅಕ್ಷರಶಃ ಓದುವವರನ್ನು ಸುಮ್ನೆ ತಳ್ಳಿಹಾಕಲೂಬಾರದು. ಹೀಬ್ರೂವಿನ 'ಯೋಮ್' ಪದಕ್ಕೆ ದಿನ ಎಂದೇ ಮೊದಲ ಅರ್ಥ. ಬೈಬಲಿನ ಎರಡನೆಯ ಪುಸ್ತಕವಾದ ವಿಮೋಚನಕಾಂಡದ 20ನೇ ಅಧ್ಯಾಯ, ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿಗೆ ಈ ಆರು ದಿನಗಳನ್ನೇ ಕಾರಣ ಕೊಡುತ್ತದೆ. ಒಂದೊಂದು ದಿನ ಅಂದರೆ ಕೋಟಿಗಟ್ಟಲೆ ವರ್ಷ ಎಂದು ರಾಜಿ ಮಾಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಮೂರನೆಯ ದಿನ ಹುಟ್ಟಿದ ಗಿಡಮರ ಅಷ್ಟು ಕಾಲ ಸೂರ್ಯನಿಲ್ಲದೆ ಬದುಕಬೇಕಲ್ಲ! ದಿನ ಅಂದರೆ ದಿನವೇ. ಆದರೆ ಇಡೀ ವಾರ ಕವಿ ಕಟ್ಟಿದ ಚೌಕಟ್ಟು.

ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಮೊದಲ ದಿನ ಬೆಳಕು, ಅದರ ಎದುರಿಗೆ ನಾಲ್ಕನೆಯ ದಿನದ ಸೂರ್ಯ, ಚಂದ್ರ, ನಕ್ಷತ್ರ. ಎರಡನೆಯ ದಿನ ಆಕಾಶ ಮತ್ತು ನೀರು, ಐದನೆಯ ದಿನ ಹಕ್ಕಿ ಮತ್ತು ಮೀನು. ಮೂರನೆಯ ದಿನ ಒಣನೆಲ, ಆರನೆಯ ದಿನ ಅದರ ಮೇಲೆ ಓಡಾಡುವ ಪ್ರಾಣಿ, ಮನುಷ್ಯ. ಮೊದಲು ಮನೆ, ಆಮೇಲೆ ಒಕ್ಕಲು.

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದಿದೆ. ಹೀಬ್ರೂವಿನಲ್ಲಿ ಸೂರ್ಯನಿಗೆ 'ಶೆಮೆಶ್' ಎಂಬ ಪದವಿದೆ. ಈ ಅಧ್ಯಾಯದಲ್ಲಿ ಆ ಪದವೇ ಇಲ್ಲ! 'ದೊಡ್ಡ ಬೆಳಕು', 'ಚಿಕ್ಕ ಬೆಳಕು', ಅಷ್ಟೇ. ಆಚೆ ಬಾಬಿಲೋನಿನವರು ಸೂರ್ಯನನ್ನು ಶಮಾಶ್ ಎಂಬ ದೇವರಾಗಿ ಪೂಜಿಸುತ್ತಿದ್ದರು. ಅವರ ಸೃಷ್ಟಿಕಥೆಯಲ್ಲಿ ಮನುಷ್ಯ ಹುಟ್ಟಿದ್ದು ದೇವತೆಗಳ ದುಡಿಮೆ ಹೊರುವುದಕ್ಕೆ. ಇಲ್ಲಿ ಸೂರ್ಯ ಬರೀ ದೀಪ, ಮನುಷ್ಯ ದೇವರ ಸ್ವರೂಪ. ಬಾಬಿಲೋನಿಗೆ ಸೆರೆಹೋದ ಯೆಹೂದ್ಯರು ಈ ಮಾತು ಕೇಳಿದಾಗ ಅವರ ಎದೆಗೆ ಎಷ್ಟು ಧೈರ್ಯ ಬಂದಿರಬೇಕು!

454 ಕೋಟಿ ವರ್ಷವನ್ನು ನೀನು ಬಿಟ್ಟುಕೊಡಬೇಕಾಗಿಲ್ಲ ಅಂತ ಹುಡುಗನಿಗೆ ಹೇಳಿದೆ. ಈ ಅಧ್ಯಾಯ ಭೂಮಿಯ ವಯಸ್ಸು ಹೇಳಲು ಕೂತಿಲ್ಲ. ಮುಂದಿನ ಭಾನುವಾರ ಎರಡನೆಯ ಅಧ್ಯಾಯ ಓದಿಕೊಂಡು ಬಾ ಎಂದೂ ಹೇಳಿದ್ದೇನೆ. ಅಲ್ಲಿ ತೋಟದ ಮರಗಳಿಗಿಂತ ಮುಂಚೆ ಮನುಷ್ಯ ಬರುತ್ತಾನೆ.