ಆದೇಶವೇ ತಪ್ಪಾಗಿದ್ದರೆ ಸೈನಿಕ ಏನು ಮಾಡಬೇಕು?

ಪ್ರಶ್ನೆ: ಮೇಲಧಿಕಾರಿಯ ಮಾತು ಮೀರಬಾರದು ಎಂಬುದು ಸೇನೆಯ ಮೊದಲ ಪಾಠ. ಆದೇಶವೇ ಅನ್ಯಾಯದ್ದಾಗಿದ್ದರೆ ಸೈನಿಕ ಒಲ್ಲೆ ಎನ್ನಬಹುದೇ? ಹಾಗೆಂದವನ ಗತಿ ಏನು?

ಉತ್ತರ: ಎನ್ನಬಹುದು. ನಮ್ಮ 1950ರ ಸೇನಾ ಕಾಯ್ದೆಯ 41ನೇ ಕಲಮು ಅವಿಧೇಯತೆಯನ್ನು ಅಪರಾಧವೆಂದು ಸಾರುವಾಗ ‘ಕಾನೂನುಬದ್ಧ ಆದೇಶ’ವನ್ನು ಮೀರುವುದು ಎಂದೇ ಹೇಳುತ್ತದೆ. ‘ಮೇಲಿನವರು ಹೇಳಿದರು, ಮಾಡಿದೆ’ ಎಂಬ ಸಮಜಾಯಿಷಿ, ಎರಡನೇ ಮಹಾಯುದ್ಧದ ಬಳಿಕ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲೇ ಬಿದ್ದುಹೋಯಿತು. ಕಾನೂನಿನ ಮಾತು ಇಷ್ಟೇ. ಗತಿ ಏನು ಎಂಬ ಪ್ರಶ್ನೆಗೆ ಮಾತ್ರ ವಿಯೆಟ್ನಾಮಿನ ಮೈ ಲಾಯ್ ಹಳ್ಳಿಗೆ ಹೋಗಬೇಕು.

1968ರ ಮಾರ್ಚ್ 16ರ ಬೆಳಿಗ್ಗೆ ಅಮೆರಿಕದ ಚಾರ್ಲಿ ಕಂಪನಿ ಆ ಹಳ್ಳಿಗೆ ನುಗ್ಗಿತು. ಗೆರಿಲ್ಲಾಗಳು ಅಡಗಿದ್ದಾರೆಂಬ ಸುದ್ದಿಯಿತ್ತು. ಎದುರಿನಿಂದ ಪ್ರತಿರೋಧವೇ ಬರಲಿಲ್ಲ. ಅಲ್ಲಿದ್ದವರು ಮುದುಕರು, ಹೆಂಗಸರು, ಮಕ್ಕಳು. ವಿಯೆಟ್ನಾಂ ಲೆಕ್ಕದಂತೆ ಸತ್ತವರು 504.

ಮೇಲೆ ಸಣ್ಣ ಹೆಲಿಕಾಪ್ಟರಿನಲ್ಲಿ ಹಾರುತ್ತಿದ್ದ ಹ್ಯೂ ಥಾಂಪ್ಸನ್‌ಗೆ 24 ವರ್ಷ. ಗಾಯಗೊಂಡು ಬಿದ್ದವರಿಗೆ ಚಿಕಿತ್ಸೆ ಸಿಗಲೆಂದು ಅವರಿದ್ದ ಜಾಗಗಳನ್ನು ಹೊಗೆ ಉಗುಳುವ ಡಬ್ಬಿ ಎಸೆದು ಗುರುತು ಮಾಡಿದ. ಮರಳಿ ಬಂದು ನೋಡಿದರೆ ಅವರೆಲ್ಲ ಹೆಣವಾಗಿದ್ದರು. ಕೊಲ್ಲುತ್ತಿರುವವರು ತನ್ನವರೇ ಎಂಬುದು ಆಗ ಅವನಿಗೆ ಖಾತ್ರಿಯಾಯಿತು. ನೆಲಮಾಳಿಗೆಯಲ್ಲಿ ಅಡಗಿದ್ದ ಹಳ್ಳಿಗರಿಗೂ ಅವರತ್ತ ಬರುತ್ತಿದ್ದ ಸೈನಿಕರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ. ‘ಈ ಜನರ ಮೇಲೆ ನಮ್ಮವರು ಗುಂಡು ಹಾರಿಸಿದರೆ ನೀವು ಅವರ ಮೇಲೆ ಹಾರಿಸಿ’ ಎಂದು ತನ್ನಿಬ್ಬರು ಸಂಗಡಿಗರಿಗೆ ಹೇಳಿ, ತಾನೇ ನಡೆದುಹೋಗಿ ಹಳ್ಳಿಗರನ್ನು ಹೊರಗೆ ಕರೆತಂದ. ಅವರನ್ನು ಬೇರೆ ಹೆಲಿಕಾಪ್ಟರ್ ಕರೆಸಿ ಸಾಗಿಸಲಾಯಿತು. ಹೆಣಗಳು ತುಂಬಿದ್ದ ಕಾಲುವೆಗೆ ಸಂಗಡಿಗ ಗ್ಲೆನ್ ಆಂಡ್ರಿಯೋಟಾ ಇಳಿದು, ಜೀವವಿದ್ದ ಒಂದು ಮಗುವನ್ನು ಎತ್ತಿ ತಂದ. ನೆಲೆಗೆ ಮರಳಿದ ಥಾಂಪ್ಸನ್ ಮೇಲಿನವರಿಗೆ ಎಲ್ಲವನ್ನೂ ವರದಿ ಮಾಡಿದ. ಕಾರ್ಯಾಚರಣೆ ನಿಂತಿತು.

ಸೇನೆ ಮೊದಲು ಅವನಿಗೆ ಪದಕ ಕೊಟ್ಟಿತು, ಎರಡು ಪಡೆಗಳ ಗುಂಡಿನ ಚಕಮಕಿಯ ನಡುವೆ ಜನರನ್ನು ರಕ್ಷಿಸಿದನೆಂಬ ಕಟ್ಟುಕಥೆಯೊಂದಿಗೆ. ಅವನು ಅದನ್ನು ಬಿಸಾಡಿದ. 1969ರ ಕೊನೆಗೆ ನಿಜ ಬಯಲಾದಾಗ, ಸಂಸತ್ತಿನ ರಕ್ಷಣಾ ಸಮಿತಿಯ ಅಧ್ಯಕ್ಷ ಮೆಂಡೆಲ್ ರಿವರ್ಸ್, ಶಿಕ್ಷೆ ಆಗಬೇಕಾದದ್ದು ಥಾಂಪ್ಸನ್‌ಗೇ ಎಂದುಬಿಟ್ಟ. ಕೊಲೆ ಬೆದರಿಕೆಗಳು ಬಂದವು. ಮನೆ ಬಾಗಿಲಲ್ಲಿ ಸತ್ತ ಪ್ರಾಣಿಗಳು ಬಿದ್ದಿರುತ್ತಿದ್ದವು.

ಇತ್ತ, 22 ಜನರನ್ನು ಕೊಂದ ಆರೋಪ ಸಾಬೀತಾಗಿ 1971ರಲ್ಲಿ ಜೀವಾವಧಿ ಶಿಕ್ಷೆ ಪಡೆದ, ಚಾರ್ಲಿ ಕಂಪನಿಯ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಯ ಪರವಾಗಿ ಜನ ಹಾಡು ಕಟ್ಟಿದರು. ಅದರ ಧ್ವನಿಮುದ್ರಿಕೆ ಲಕ್ಷಗಟ್ಟಲೆ ಮಾರಾಟವಾಯಿತು. ಕೆಲವೇ ದಿನಗಳಲ್ಲಿ ಅಧ್ಯಕ್ಷ ನಿಕ್ಸನ್ ಅವನನ್ನು ಸೆರೆಮನೆಯಿಂದ ಗೃಹಬಂಧನಕ್ಕೆ ಕಳುಹಿಸಿದ. 1974ರಲ್ಲಿ ಅವನು ಹೊರಗೆ ಬಂದ. ತೀರ್ಪಿನ ಮೇಲೆ ಜನರಿಗಿದ್ದ ಸಿಟ್ಟಿನಲ್ಲಿ ನ್ಯಾಯದ ಒಂದೆಳೆ ಇರಲಿಲ್ಲವೆಂದಲ್ಲ: ಮೇಲಿನವರೆಲ್ಲ ಪಾರಾಗಿ, ಶಿಕ್ಷೆಯಾದದ್ದು ಅವನೊಬ್ಬನಿಗೇ. ಆದರೆ ಅವನನ್ನು ತಪ್ಪಿತಸ್ಥನೆಂದ ಆರು ಸೇನಾಧಿಕಾರಿಗಳಲ್ಲಿ ಐವರು ವಿಯೆಟ್ನಾಮಿನಲ್ಲಿ ಸೇವೆ ಮಾಡಿ ಬಂದವರು. ಕ್ಷಮಿಸಲು ಹಾತೊರೆದವರಲ್ಲಿ ಹೆಚ್ಚಿನವರು ಯುದ್ಧವನ್ನು ಟಿವಿಯಲ್ಲಿ ಕಂಡವರು. ಕ್ಯಾಲಿ ಅಪರಾಧಿಯಾದರೆ ಅವನನ್ನು ಅಲ್ಲಿಗೆ ಕಳುಹಿಸಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಅದು ಯಾರಿಗೂ ಬೇಕಿರಲಿಲ್ಲ ಎಂದೇ ನನ್ನ ಅನಿಸಿಕೆ.

ಥಾಂಪ್ಸನ್‌ಗೆ ಸರಿಯಾದ ಗೌರವ ದಕ್ಕಿದ್ದು 1998ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ. ಅದೂ ಶತ್ರುವಿನೊಂದಿಗಿನ ಕಾಳಗಕ್ಕೆ ಸಂಬಂಧಿಸದ ಶೌರ್ಯಕ್ಕೆ ಕೊಡುವ ಪದಕ! ಮೈ ಲಾಯ್ ನಡೆದ ಮೂರೇ ವಾರಕ್ಕೆ ಯುದ್ಧದಲ್ಲಿ ಮಡಿದಿದ್ದ ಆಂಡ್ರಿಯೋಟಾನಿಗೆ ಅದು ಮರಣೋತ್ತರವಾಗಿ ಸಂದಿತು.

ನಮ್ಮಲ್ಲೂ ಉದಾಹರಣೆಯಿದೆ, ಯುದ್ಧದ್ದಲ್ಲದಿದ್ದರೂ. 1930ರ ಏಪ್ರಿಲ್‌ನಲ್ಲಿ ಪೇಶಾವರದಲ್ಲಿ ನಿರಾಯುಧ ಪಠಾಣರ ಮೇಲೆ ಗುಂಡು ಹಾರಿಸಲು ಬ್ರಿಟಿಷರ ಸೇನೆಯಲ್ಲಿದ್ದ ಚಂದ್ರಸಿಂಗ್ ಗಢವಾಲಿ ಮತ್ತು ಅವರ ಜೊತೆಗಾರ ಸಿಪಾಯಿಗಳು ಒಪ್ಪಲಿಲ್ಲ. ಚಂದ್ರಸಿಂಗ್‌ಗೆ ಜೀವಾವಧಿ ಶಿಕ್ಷೆಯಾಯಿತು, ಬಿಡುಗಡೆ 1941ರಲ್ಲಿ. ಅಚ್ಚರಿಯೆಂದರೆ ಗಾಂಧೀಜಿಯೇ ಇದನ್ನು ಒಪ್ಪಲಿಲ್ಲ. ಪ್ರಮಾಣ ಮಾಡಿ ಸೇನೆ ಸೇರಿದವನು ಆದೇಶ ಮೀರುವುದು ಅಪರಾಧ, ಇಂದು ಹಾಗೆ ಕಲಿಸಿದರೆ ನಾಳೆ ನಮ್ಮ ಸರ್ಕಾರದಲ್ಲೂ ಹಾಗೇ ಮಾಡಿಯಾರು ಎಂಬುದು ಅವರ ಆತಂಕ. ಅಹಿಂಸೆಯ ಗುರುವಿನಿಂದ ಇಂಥ ಮಾತೇ ಎಂದು ಹುಬ್ಬೇರಿಸಬಹುದು, ಆದರೆ ವಾದ ಹಗುರವಾದದ್ದಲ್ಲ. ಪ್ರತಿ ಆದೇಶವನ್ನೂ ತೂಗಿ ನೋಡುವ ಸೇನೆ ನಡೆಯದು.

ಹಾಗಾಗಿಯೇ ಕ್ಯಾಲಿಯ ವಿಚಾರಣೆಯಲ್ಲಿ ನ್ಯಾಯಾಧೀಶ ಹಾಕಿಕೊಟ್ಟ ಗೆರೆ ಇಕ್ಕಟ್ಟಾದದ್ದು: ಸಾಮಾನ್ಯ ತಿಳಿವಳಿಕೆಯ ಮನುಷ್ಯನಿಗೂ ಕಾನೂನುಬಾಹಿರವೆಂದು ಹೊಳೆಯುವಂಥ ಆದೇಶ ಯಾರನ್ನೂ ಕಾಪಾಡದು. ಕೈಗೆ ಸಿಕ್ಕ ಕೂಸನ್ನು ಕೊಲ್ಲಬಾರದೆಂದು ತಿಳಿಯಲು ಕಾನೂನು ಓದಬೇಕಿಲ್ಲ. ಚಾರ್ಲಿ ಕಂಪನಿಯಲ್ಲೇ ಕೆಲವರು ಅಂದು ಗುಂಡು ಹಾರಿಸಲು ಒಪ್ಪಲಿಲ್ಲ. ಅದಕ್ಕಾಗಿ ಅವರಲ್ಲಿ ಯಾರೂ ಕೋರ್ಟ್ ಮಾರ್ಷಲ್‌ಗೆ ಗುರಿಯಾಗಲಿಲ್ಲ.